ಕೈಗಳು ಸೇರಿದವೇ?

ಆತ್ಮೀಯರೇ,

ಪ್ರೇಮಕಥೆಯ ಚಿತ್ರವೊಂದು ಇಬ್ಬರನ್ನೂ ಒಂದುಗೂಡಿಸದೆ, ಬೇರೆಯಾದರೆಂದೂ ಹೇಳದೆ ಮುಗಿದಾಗ ಪ್ರೇಕ್ಷಕರಲ್ಲಿ ಎರಡು ಪಕ್ಷಗಳಾಗುತ್ತವೆ. ಕಥೆಯನ್ನು ಅರ್ಧಕ್ಕೆ ಕೈಬಿಟ್ಟರು ಎಂದು ಕೆಲವರು ಸಿಟ್ಟಾಗುತ್ತಾರೆ. ಬದುಕು ಇರುವುದೇ ಹಾಗೆ ಎಂದು ಉಳಿದವರು ಸಮರ್ಥಿಸುತ್ತಾರೆ. ಸಿಟ್ಟಾದವರಿಗೆ ರಸಜ್ಞತೆ ಸಾಲದು ಎಂದು ಸಮರ್ಥಕರು ಬಹುಬೇಗ ತೀರ್ಮಾನಿಸಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಇಬ್ಬರಿಗೆ ಒಳ್ಳೆಯದಾಗಲಿ ಎಂದು ಎರಡು ಗಂಟೆ ಹಾರೈಸಿದವರಿಗೆ ತಾನೇ ಕೊನೆಯಲ್ಲಿ ಸಿಟ್ಟು ಬರುವುದು?

ಹಾಗೆಂದು ಎಲ್ಲ ಅಸ್ಪಷ್ಟ ಮುಕ್ತಾಯಗಳೂ ಒಂದೇ ತೂಕದವಲ್ಲ. ಮುಂದೇನಾಯಿತು ಎಂದು ಜಗಳವಾಡುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಕಥೆಯೊಳಗಿನವರಿಗಾದರೂ ಉತ್ತರ ಗೊತ್ತಿದೆಯೇ?

ಸತ್ಯಜಿತ್ ರೇ ಅವರ ‘ಚಾರುಲತಾ’ (1964) ನೋಡಿ. ಹೆಂಡತಿಯ ಮನಸ್ಸು ತನ್ನ ಸಂಬಂಧಿ ಅಮಲನ ಕಡೆಗಿತ್ತು ಎಂಬುದು ಅವಳ ಅಳುವಿನಿಂದ ಭೂಪತಿಗೆ ತಿಳಿದುಹೋಗಿದೆ. ಗಾಡಿಯಲ್ಲಿ ಗುರಿಯಿಲ್ಲದೆ ಸುತ್ತಿ ಮನೆಗೆ ಮರಳಿದ್ದಾನೆ. ಬಾಗಿಲಲ್ಲಿ ಚಾರು ಒಳಗೆ ಬರುವಂತೆ ಕರೆದು ಕೈ ಚಾಚುತ್ತಾಳೆ. ಅವನ ಕೈಯೂ ಅಳುಕುತ್ತ ಮುಂದೆ ಬರುತ್ತದೆ. ಕೈಗಳು ತಾಕುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಆಮೇಲೆ ಕಾಣುವುದೆಲ್ಲ ನಿಶ್ಚಲ ಚಿತ್ರಗಳು: ಅವಳ ಮುಖ, ಅವನ ಮುಖ, ದೀಪ ಹಿಡಿದ ಸೇವಕ.

ಸಂಸಾರ ಮುರಿಯಿತು ಎನ್ನುವವರಿಗೆ ಬಲವಾದ ಆಧಾರವಿದೆ. ರವೀಂದ್ರನಾಥ ಠಾಕೂರರ ಮೂಲಕಥೆಯ ಹೆಸರು, ‘ನಷ್ಟನೀಡ’ (ಮುರಿದ ಗೂಡು), ಕೊನೆಯಲ್ಲಿ ತೆರೆಯ ಮೇಲೆ ಮೂಡುತ್ತದೆ. ಉಳಿಯಿತು ಎನ್ನುವವರು ಕೈ ಚಾಚಿದವಳು ಚಾರುವೇ ಎಂಬುದನ್ನು ನೆನಪಿಸುತ್ತಾರೆ. ನನ್ನ ಒಲವು ಎರಡನೆಯ ಕಡೆಗೆ, ಆದರೆ ಅದನ್ನು ಸಾಧಿಸಿ ತೋರಿಸಲಾರೆ. ಏಕೆಂದರೆ ಆ ಕ್ಷಣದಲ್ಲಿ ಭೂಪತಿಗೇ ತನ್ನ ಕೈ ಪೂರ್ತಿ ಮುಂದೆ ಹೋಗುವುದೋ ಇಲ್ಲವೋ ತಿಳಿಯದು. ನಿರ್ದೇಶಕರು ನಮ್ಮಿಂದ ಏನನ್ನೂ ಬಚ್ಚಿಟ್ಟಿಲ್ಲ.

ಬಚ್ಚಿಡುವ ಚಿತ್ರಗಳು ಬೇರೆ. ಪ್ರಿಯತಮ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ಪಾತ್ರಗಳಿಗೆಲ್ಲ ಗೊತ್ತಿರುತ್ತದೆ. ಕ್ಯಾಮೆರಾ ಮಾತ್ರ ಬೇಕೆಂದೇ ಬೇರೆ ಕಡೆ ತಿರುಗುತ್ತದೆ. ಇಲ್ಲಿ ಪ್ರೇಕ್ಷಕರ ಸಿಟ್ಟು ನ್ಯಾಯವಾದದ್ದು. ಅದು ಮಾಹಿತಿಯನ್ನು ತಡೆಹಿಡಿಯುವುದೇ ಹೊರತು ಅಸ್ಪಷ್ಟತೆಯಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯಕರ. ‘ಬಿಫೋರ್ ಸನ್‌ರೈಸ್’ (1995) ಚಿತ್ರದಲ್ಲಿ ವಿಯೆನ್ನಾದಲ್ಲಿ ಒಂದು ರಾತ್ರಿ ಜೊತೆಗಿದ್ದ ಇಬ್ಬರು ಆರು ತಿಂಗಳ ನಂತರ ಅಲ್ಲಿಯೇ ಸಿಗೋಣವೆಂದು ಹೇಳಿ ರೈಲು ನಿಲ್ದಾಣದಲ್ಲಿ ಬೀಳ್ಕೊಳ್ಳುತ್ತಾರೆ. ಅವರು ಓಡಾಡಿದ ಜಾಗಗಳು ಬೆಳಗಿನಲ್ಲಿ ಖಾಲಿಯಾಗಿ ಕಾಣುತ್ತವೆ. ಮತ್ತೆ ಸಿಕ್ಕರೇ? ಒಂಬತ್ತು ವರ್ಷಗಳ ಬಳಿಕ ಬಂದ ‘ಬಿಫೋರ್ ಸನ್‌ಸೆಟ್’ (2004) ಈ ವಾದವನ್ನೇ ತನ್ನ ಆರಂಭವಾಗಿಸಿಕೊಂಡಿತು. ಆ ರಾತ್ರಿಯನ್ನು ಕಾದಂಬರಿಯಾಗಿಸಿದ ನಾಯಕನಿಗೆ ಪ್ಯಾರಿಸ್‌ನ ಪುಸ್ತಕದಂಗಡಿಯಲ್ಲಿ ಪತ್ರಕರ್ತರು ಅದೇ ಪ್ರಶ್ನೆ ಹಾಕುತ್ತಾರೆ. ಆಮೇಲೆ ತಿಳಿಯುತ್ತದೆ: ಅವನು ಹೋಗಿದ್ದ, ಅವಳು ಬರಲಿಲ್ಲ. ಅವಳ ಅಜ್ಜಿ ತೀರಿಕೊಂಡಿದ್ದರು.

ಅವರ ಪ್ರೀತಿ ಗಟ್ಟಿಯೇ, ಮಾತಿಗೆ ಬೆಲೆಯಿದೆಯೇ ಎಂದು ಅಳೆಯುತ್ತಿದ್ದವರಿಗೆ ಅಂತ್ಯಕ್ರಿಯೆಯೊಂದು ಅಡ್ಡ ಬಂದೀತು ಎಂದು ಹೇಗೆ ಹೊಳೆಯಬೇಕು? ಈ ಉತ್ತರವನ್ನು ಮೊದಲ ಚಿತ್ರದ ಉತ್ತರವೆಂದು ನಾನು ಎಣಿಸುವುದಿಲ್ಲ. ನಿಲ್ದಾಣದಲ್ಲಿ ಅಪ್ಪಿಕೊಂಡು ನಿಂತ ಆ ಇಬ್ಬರಿಗೆ ಅಜ್ಜಿಯ ಸಾವು ಇನ್ನೂ ಬಾರದ ಸಂಗತಿ. ಮೊದಲ ಚಿತ್ರವನ್ನಷ್ಟೇ ಇಂದು ನೋಡಿದವರು ‘ಸಿಕ್ಕೇ ಸಿಗುತ್ತಾರೆ’ ಎಂದು ವಾದಿಸಿದರೆ, ಎರಡನೆಯದನ್ನು ನೋಡಿದವರು ದಯವಿಟ್ಟು ನಡುವೆ ಬಾಯಿ ಹಾಕಬಾರದು. ಹಾಗೆ ವಾದಿಸುವವರು ಆ ಇಬ್ಬರ ನಗುವನ್ನು, ಅವಸರದ ಮಾತುಗಳನ್ನು, ಕೊನೆಯ ಅಪ್ಪುಗೆಯನ್ನು ಆಧಾರವಾಗಿಟ್ಟುಕೊಂಡೇ ಮಾತನಾಡುತ್ತಿರುತ್ತಾರೆ.