ಈರುಳ್ಳಿಯ ಕುತ್ತಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆಮನೆಯಲ್ಲಿ ನಿಂತು ರೇಡಿಯೋ ಕೇಳುತ್ತಿದ್ದರೆ, ಬುಟ್ಟಿಯಿಂದ ಒಂದು ಈರುಳ್ಳಿ ಕೈಗೆ ತೆಗೆದುಕೊಳ್ಳಿ. ಮೇಲೆ ಎಲೆ ಕೊಯ್ದ ಜಾಗ ಇರುತ್ತದಲ್ಲ, ಅದೇ ಕುತ್ತಿಗೆ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಒಣಗಿ ಗಟ್ಟಿಯಾಗಿದೆಯಾ, ಇಲ್ಲಾ ಬೆರಳು ಸ್ವಲ್ಪ ಒಳಗೆ ಹೋಗುತ್ತಾ? ಇವತ್ತು ನಾನು ಹೇಳಬೇಕಾದ್ದೆಲ್ಲ ಆ ಹೆಬ್ಬೆರಳಷ್ಟು ಜಾಗದ ಸುತ್ತಲೇ ಇದೆ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವರ್ಷ ನಮ್ಮ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಹೊಲದಿಂದ ತಟ್ಟೆಗೆ ಬರುವ ದಾರಿಯಲ್ಲಿ ನಮ್ಮ ಊಟ ಎಲ್ಲಿ ಹಾಳಾಗುತ್ತದೆ, ಯಾಕೆ ಹಾಳಾಗುತ್ತದೆ, ನೋಡಿಕೊಂಡು ಬನ್ನಿ ಅಂತ. ಒಂದೇ ಕ್ಲಾಸಿನವರು ಗುಂಪು ಕಟ್ಟುವ ಹಾಗಿರಲಿಲ್ಲ. ಬಿ.ಎಸ್ಸಿ. ಹುಡುಗಿ ಒಬ್ಬಳು, ಬಿ.ಕಾಂ. ಹುಡುಗ ಒಬ್ಬ, ಕನ್ನಡ ಎಂ.ಎ. ಓದುವವಳು ಒಬ್ಬಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಇಬ್ಬರು ಗೆಳೆಯರೂ ಬಂದು ಸೇರಿದರು. ಹಿಂದಿನ ವರ್ಷ ಬಿ.ಕಾಂ. ಹುಡುಗನ ಮನೆಯ ಈರುಳ್ಳಿ ಚೀಲಗಟ್ಟಲೆ ತಿಪ್ಪೆ ಸೇರಿತ್ತು. ಹಾಗಾಗಿ ಈರುಳ್ಳಿಯನ್ನೇ ಹಿಡಿದುಕೊಂಡರು.

ಮೊದಲ ದಿನವೇ ಉತ್ತರ ತಯಾರಿತ್ತು. ಇಂಜಿನಿಯರಿಂಗ್ ಹುಡುಗರು ಆ್ಯಪ್ ಮಾಡೋಣ ಅಂದರು. ಬಿ.ಕಾಂ. ಹುಡುಗ ಕೋಲ್ಡ್ ಸ್ಟೋರೇಜ್ ಬೇಕು ಅಂದ. ಬರೆದಿದ್ದನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ, ಮೊದಲು ಹೊಲಕ್ಕೆ ಹೋಗೋಣ ಅಂದೆ.

ಚಳ್ಳಕೆರೆ ಸೀಮೆ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ನೆಟ್ಟಗೆ ಬೀಳದ ನೆಲ. ಆದರೆ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಮುಂಗಾರಿನ ಈರುಳ್ಳಿ ಕೀಳುವುದೂ ಆಗಲೇ. ವರ್ಷವಿಡೀ ಆಕಾಶ ನೋಡುವ ರೈತ ಆ ಎರಡು ತಿಂಗಳು ಮಾತ್ರ ಮಳೆ ಬೇಡಪ್ಪ ಅಂತ ಕೈಮುಗಿಯುತ್ತಾನೆ. ನಾವು ಹೋದಾಗಲೂ ಹಿಂದಿನ ರಾತ್ರಿ ಮಳೆಯಾಗಿತ್ತು. ಕಿತ್ತ ಗಡ್ಡೆಯ ಮೇಲೆ ಕೆಂಪು ಮಣ್ಣು ಹಾಗೇ ಮೆತ್ತಿಕೊಂಡಿತ್ತು.

ಅಲ್ಲಿ ಒಬ್ಬ ಅಜ್ಜಿ ರಾಶಿಯ ಮುಂದೆ ಕೂತಿದ್ದರು. ಒಂದೊಂದೇ ಗಡ್ಡೆ ಎತ್ತಿ, ಕುತ್ತಿಗೆ ಒತ್ತಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಹಾಕುತ್ತಿದ್ದರು. ಏನು ನೋಡ್ತಿದೀರಜ್ಜಿ ಅಂತ ನಮ್ಮ ಹುಡುಗಿ ಕೇಳಿದಳು. "ಗಟ್ಟಿ ಇದ್ದದ್ದು ಮನೇಲಿ ನಿಲ್ತದೆ ಕಣವ್ವ. ಮೆತ್ತಗಿದ್ದದ್ದು ಇವತ್ತೇ ಲಾರಿ ಹತ್ತಬೇಕು" ಅಂದರು. ಮನೆಗೆ ಬೇಕಾದ ಎರಡು ಬುಟ್ಟಿ ಈರುಳ್ಳಿಯನ್ನು ಅವರು ಆರಿಸುತ್ತಿದ್ದದ್ದು ಹೀಗೆ. ಮಾರಾಟಕ್ಕೆ ಹೋಗುವ ರಾಶಿಗೆ ಈ ಆರಿಸುವಿಕೆ ಇರಲಿಲ್ಲ.

ಇದರ ಹಿಂದಿನ ವಿಜ್ಞಾನ ನಮ್ಮ ಬಿ.ಎಸ್ಸಿ. ಹುಡುಗಿಗೆ ಗೊತ್ತಿತ್ತು. ಈರುಳ್ಳಿಯಲ್ಲಿ ನೂರಕ್ಕೆ 85 ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಕುತ್ತಿಗೆ ಒಣಗಿ ಮುಚ್ಚಿಕೊಂಡರೆ ಬಾಗಿಲು ಹಾಕಿದ ಹಾಗೆ. ಹಸಿ ಇರುವಾಗಲೇ ಬುಡಕ್ಕೆ ಕೊಯ್ದರೆ ಬಾಗಿಲು ತೆರೆದಿಟ್ಟ ಹಾಗೆ, ಕೊಳೆ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಕಿತ್ತ ಮೇಲೆ ಮೂರು ನಾಲ್ಕು ದಿನ ಎಲೆ ಸಮೇತ ಸಾಲಾಗಿ ಮಲಗಿಸಬೇಕು. ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಗೆ ನೆರಳಾಗಬೇಕು. ಆಮೇಲೆ ಒಂದು ಇಂಚು ಬಿಟ್ಟು ಕೊಯ್ಯಬೇಕು. ಹಾಗೆ ಮಾಡಿದರೂ ಮುಂಗಾರಿನ ಈರುಳ್ಳಿ ಹಿಂಗಾರಿನದರಷ್ಟು ದಿನ ನಿಲ್ಲುವುದಿಲ್ಲ. ಆದರೆ ಕೆಲವೇ ವಾರ ನಿಂತರೂ ಸಾಕು, ಬೆಲೆ ಬಿದ್ದ ದಿನವೇ ಮಾರುವ ಗತಿ ತಪ್ಪುತ್ತದೆ.

ಹಾಗಾದರೆ ಬುಡಕ್ಕೇ ಯಾಕೆ ಕೊಯ್ಯುತ್ತಾರೆ? ಕೂಲಿ ಚೀಲದ ಲೆಕ್ಕ, ಅವಸರದಲ್ಲಿ ಹಾಗಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕನ್ನಡ ಎಂ.ಎ. ಹುಡುಗಿ ಮಾತ್ರ ಹೆಂಗಸರ ಪಕ್ಕ ಕೂತು, ಕುಡುಗೋಲನ್ನು ಕಾಲಲ್ಲಿ ಒತ್ತಿ ಹಿಡಿದು ತಾನೂ ಕೊಯ್ಯತೊಡಗಿದಳು. ಎರಡು ತಾಸು ಅವರ ಮಾತು ಕೇಳಿದಳು. "ಬಾಲ ಬಿಟ್ರೆ ನಮಗೇನು ಕಷ್ಟ? ಮಂಡಿಯಲ್ಲಿ ಬಾಲ ಇದ್ರೆ ರೇಟು ಇಳಿಸ್ತಾರೆ ಕಣಮ್ಮ" ಅಂದರಂತೆ. ಬಾಲ ಅಂದರೆ ಕೊಯ್ಯುವಾಗ ಕುತ್ತಿಗೆಯ ಮೇಲೆ ಉಳಿಸುವ ಆ ಒಂದು ಇಂಚು. ಕಾರಣ ಕೂಲಿಯಲ್ಲಿ ಇರಲಿಲ್ಲ, ಕೊಳ್ಳುವವರ ಕಣ್ಣಲ್ಲಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಇದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಬಿ.ಕಾಂ. ಹುಡುಗ ಮನೆಯ ಟ್ರಂಕಿನಿಂದ ಹಳೇ ಪಟ್ಟಿಗಳನ್ನೆಲ್ಲ ತಂದಿದ್ದ. ಯಶವಂತಪುರದ ಮಾರುಕಟ್ಟೆಗೆ ಕಳಿಸಿದ್ದರ ಲೆಕ್ಕ. ಖಾಲಿ ಚೀಲದ ದುಡ್ಡು, ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಒಂದರ ಕೆಳಗೊಂದು ಬರೆದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಮೇಡಂ, ಕೊಳೆಯೋ ಗಡ್ಡೆಗೂ ನಮ್ಮಪ್ಪ ಬೆಂಗಳೂರಿನವರೆಗೆ ಬಾಡಿಗೆ ಕಟ್ಟಿದ್ದಾರೆ" ಅಂದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ದಾರಿ ತಾನಾಗಿ ತೆರೆಯಿತು. ಅಜ್ಜಿ ಮನೆಗಾಗಿ ಮಾಡುತ್ತಿದ್ದದ್ದನ್ನೇ ಇಡೀ ರಾಶಿಗೆ ಮಾಡುವುದು. ಮೆತ್ತಗಿನದನ್ನು ಮಂಡಿ ಕೇಳುವ ಹಾಗೆ ಬುಡಕ್ಕೆ ಕೊಯ್ದು ಅವತ್ತೇ ಸಾಗಿಸುವುದು. ಗಟ್ಟಿಯದನ್ನು ಬಾಲ ಬಿಟ್ಟು ಇಡುವುದು. ಮಾರುವ ದಿನ ಬಾಲ ತೆಗೆದರಾಯಿತು. ಇಡುವುದಕ್ಕೆ ಇಂಜಿನಿಯರಿಂಗ್ ಹುಡುಗರು ಬಿದಿರಿನ ಅಟ್ಟ ಕಟ್ಟಿದರು. ನೆಲದಿಂದ ಎರಡು ಅಡಿ ಎತ್ತರ, ತಳಕ್ಕೆ ಕೋಳಿ ಜಾಲರಿ, ನಾಲ್ಕು ಕಡೆಯೂ ಗಾಳಿ, ಮೇಲೆ ಮಾತ್ರ ಟಾರ್ಪಾಲ್. ಮೊದಲ ಅಟ್ಟದಲ್ಲಿ ಗಡ್ಡೆಯನ್ನು ತೀರಾ ದಪ್ಪ ಪೇರಿಸಿದ್ದರಿಂದ ನಡುವಿನದು ಬೆವೆತು ಕೊಳೆಯಿತು. ಬಿಚ್ಚಿ ಎರಡು ಅಂತಸ್ತು ಮಾಡಿದರು. ದೊಡ್ಡ ಶೇಖರಣಾ ಘಟಕಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನ ಇದೆ, ಅನುಕೂಲ ಇರುವವರು ಖಂಡಿತ ವಿಚಾರಿಸಿ. ಈ ಅಟ್ಟ ಅರ್ಧ ಎಕರೆ, ಒಂದು ಎಕರೆಯವರಿಗೆ.

ಬೆಲೆ ಮಾತ್ರ ನಮ್ಮ ಮಕ್ಕಳ ಕೈಯಲ್ಲಿಲ್ಲ. 2019ರ ಡಿಸೆಂಬರಿನಲ್ಲಿ ಕಿಲೋ ಈರುಳ್ಳಿ ನೂರು ರೂಪಾಯಿ ದಾಟಿತ್ತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. ದೆಹಲಿಯಲ್ಲಿ ಆಗುವ ಒಂದು ತೀರ್ಮಾನ ಚಳ್ಳಕೆರೆಯ ಕಣದವರೆಗೂ ಬರುತ್ತದೆ. ಅದನ್ನು ಬಿದಿರಿನ ಅಟ್ಟ ತಡೆಯಲಾರದು. ಅದನ್ನೂ ಮಕ್ಕಳಿಗೆ ಬಿಡಿಸಿಯೇ ಹೇಳಿದ್ದೇನೆ.

ಈ ವರ್ಷ ಇನ್ನೂ ಎರಡು ಗುಂಪು ಹೊರಟಿವೆ. ಒಂದು ಹೊಸದುರ್ಗದ ಕಡೆಗೆ. ಸಾಮೆಯ ಸಿಪ್ಪೆ ಬಿಡಿಸುವುದು ಯಾಕಿಷ್ಟು ಕಷ್ಟ, ಬೆಳೆದವರ ಮನೆಯಲ್ಲೇ ಸಾಮೆ ಅನ್ನ ಯಾಕೆ ಅಪರೂಪ ಅಂತ ನೋಡಲು. ಇನ್ನೊಂದು ನಮ್ಮ ಹಾಸ್ಟೆಲಿನ ಊಟದ ಮನೆಗೇ. ಅಲ್ಲಿ ತಟ್ಟೆಯಲ್ಲಿ ಉಳಿಯುವ ಅನ್ನದ ಬಗ್ಗೆ ಅಡುಗೆಯವರನ್ನು ಈವರೆಗೆ ಯಾರೂ ಏನೂ ಕೇಳಿರಲಿಲ್ಲ.

ಅಜ್ಜಿಯ ಅಂಗಳದಲ್ಲಿ ಆ ಅಟ್ಟ ಈಗಲೂ ಇದೆ. ಈರುಳ್ಳಿ ಮುಗಿದ ಮೇಲೆ ಅದರ ಮೇಲೆ ಚೀಲ ಹಾಸಿ ಹುಣಸೆಹಣ್ಣು ಒಣಗಿಸಿದ್ದಾರೆ. ಒಂದು ಕಾಲಿಗೆ ಗೆದ್ದಲು ಹತ್ತಿದೆಯಂತೆ, ಫೋನ್ ಮಾಡಿಸಿದ್ದರು. ಬರುವ ಭಾನುವಾರ ಹುಡುಗರು ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಈ ಸಲ ಬಿದಿರಿನ ಕೆಳಗೆ ಕಲ್ಲು ಕೊಡುವುದು ಅಂತ ಮಾತಾಗಿದೆ.

ನಮಸ್ಕಾರ.