ನಿಮ್ಮ ಮರ ಇವತ್ತು ಬಂದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕತ್ತಲ ಕೋಣೆ. ಎದುರಿನ ಗೋಡೆ ಮೇಲೆ ಬೆಳಕಿನಲ್ಲೇ ಮೂಡಿದ ಹೊಂಗೆ ಮರ. ನೀವು ಕೈ ಎತ್ತಿದರೆ ಎಲೆ ಅಲುಗುತ್ತದೆ. ಜೋರಾಗಿ ಬೀಸಿದರೆ ಹೂ ಉದುರುತ್ತದೆ. ನೋಡುವವರ ಮೈ ಚಲನೆಗೆ ಓಗೊಡುವ ಇಂಥ ಕಲೆಯೇ ನನ್ನ ಕೆಲಸ. ಇದಕ್ಕೆ ಹೊಸದಾಗಿ ಕೈ ಹಾಕಿದವರು, ಯಾವ ಕಂಪ್ಯೂಟರ್ ತೆಗೆದುಕೊಳ್ಳಲಿ ಅಂತ ಕೇಳುತ್ತಾರೆ. ಬೆಳಿಗ್ಗೆ ಬಂದು ಅದರ ಸ್ವಿಚ್ ಹಾಕುವವರು ಯಾರು ಅಂತ ನಾನು ಕೇಳುತ್ತೇನೆ.

ಆ ಹೊಂಗೆ ಮರದ ಪ್ರದರ್ಶನದ ನಾಲ್ಕನೇ ದಿನ ಬೆಳಿಗ್ಗೆ ವಾಚ್‌ಮನ್ ಫೋನ್ ಮಾಡಿದರು. "ಸಾರ್, ನಿಮ್ಮ ಮರ ಇವತ್ತು ಬಂದಿಲ್ಲ." ಓಡಿದೆ. ಒಳಗಿದ್ದದ್ದು ರಾಸ್ಪ್‌ಬೆರಿ ಪೈ, ಅಂಗೈಯಗಲದ ಕಂಪ್ಯೂಟರ್. ಸಂಜೆ ಬಾಗಿಲು ಹಾಕುವಾಗ ಅವರು ಮೇನ್ ಸ್ವಿಚ್ ಇಳಿಸುತ್ತಿದ್ದರು. ಮೆಮೊರಿ ಕಾರ್ಡಿನಲ್ಲಿ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಕಾರ್ಡ್ ಕೆಟ್ಟಿತ್ತು. ಅವರದ್ದೇನೂ ತಪ್ಪಿಲ್ಲ. ಸ್ವಿಚ್ ಇಳಿಸುವುದೇ ಅವರ ಕೆಲಸ. ಅದನ್ನು ಮೊದಲೇ ಯೋಚಿಸದೆ ಇದ್ದವನು ನಾನು. ಈಗ ಕಾರ್ಡನ್ನು ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ. ದೊಡ್ಡ ಕಂಪ್ಯೂಟರ್ ಆದರೆ, ಕರೆಂಟ್ ಬಂದ ಕೂಡಲೇ ತಾನೇ ಏಳುವ ಸೆಟ್ಟಿಂಗ್ ಅದರ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂನಲ್ಲಿ, ಇದೆಯಾ ಅಂತ ನೋಡಿಯೇ ಕೊಳ್ಳುತ್ತೇನೆ. ಆಮೇಲೆ ಹತ್ತು ಸಲ ಪ್ಲಗ್ ಕಿತ್ತು ಹಾಕಿ ನೋಡುತ್ತೇನೆ.

ಎಷ್ಟು ಶಕ್ತಿಯ ಯಂತ್ರ ಬೇಕು ಅನ್ನುವುದು ಕೆಲಸದ ಮೇಲೆ. ಗುಂಡಿ ಒತ್ತಿದರೆ ದೀಪ ಹತ್ತಬೇಕು, ಅಷ್ಟೇ ಅಲ್ವಾ? ಆರ್ಡುಯಿನೊ ಊನೊ ಆರ್3 ಸಾಕು, ಒಂದೇ ಪ್ರೋಗ್ರಾಂ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಅದು. 16 ಮೆಗಾಹರ್ಟ್ಸ್ ವೇಗ, ಪ್ರೋಗ್ರಾಂಗೆ 32 ಕಿಲೋಬೈಟ್ ಜಾಗ. ಕರೆಂಟ್ ಹೋಗಿ ಬಂದರೂ ಅದಕ್ಕೆ ಲೆಕ್ಕವಿಲ್ಲ. ಒಂದು ವಿಡಿಯೊ ಓಡಿಸಲು ಪೈ ಸಾಕು. ಮೈಯ ಚಲನೆ ಹಿಡಿದು ಸಾವಿರಾರು ಎಲೆ ಬಿಡಿಸಬೇಕಾದರೆ ಮಾತ್ರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಸುಮ್ನೆ ದುಬಾರಿಯದನ್ನು ತಂದರೆ ಬಿಸಿಯೂ ಜಾಸ್ತಿ, ಫ್ಯಾನಿನ ಸದ್ದೂ ಜಾಸ್ತಿ.

ಆದರೆ ಯಾರೂ ಅಳೆಯದೇ ಬಿಡುವುದು ತಡವನ್ನು. ಕೈ ಬೀಸಿದ ಮೇಲೆ ಎಲೆ ಅಲುಗಲು ಎಷ್ಟು ಹೊತ್ತು? ಕ್ಯಾಮೆರಾ ಸ್ವಲ್ಪ ತಿನ್ನುತ್ತದೆ, ಕಂಪ್ಯೂಟರ್ ಸ್ವಲ್ಪ, ಪ್ರೊಜೆಕ್ಟರ್ ಇನ್ನೂ ಸ್ವಲ್ಪ. ಎಲ್ಲ ಸೇರಿ 100 ಮಿಲಿಸೆಕೆಂಡ್ ದಾಟಿದರೆ, ಮರ ನನ್ನ ಮಾತು ಕೇಳುತ್ತಿದೆ ಅನ್ನುವ ನಂಬಿಕೆ ಸಡಿಲವಾಗುತ್ತದೆ. ಅಳೆಯಲು ನಿಮ್ಮ ಫೋನೇ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ ಕೈಯನ್ನೂ ಗೋಡೆಯನ್ನೂ ಒಟ್ಟಿಗೆ ಹಿಡಿಯಿರಿ. ಕೈ ಹೊರಟ ಮೇಲೆ ಎಲೆ ಹೊರಡುವ ತನಕ ಎಷ್ಟು ಚಿತ್ರ ಅಂತ ಎಣಿಸಿ. 24 ಚಿತ್ರ ಅಂದರೆ 100 ಮಿಲಿಸೆಕೆಂಡ್. ಎಷ್ಟೋ ಸಲ ಕಂಪ್ಯೂಟರ್ ಬದಲಿಸಬೇಕಾಗಿಲ್ಲ, ಪ್ರೊಜೆಕ್ಟರನ್ನು ಗೇಮ್ ಮೋಡ್‌ಗೆ, ಅಂದರೆ ಚಿತ್ರವನ್ನು ಹೆಚ್ಚು ತಿದ್ದದೆ ಬೇಗ ತೋರಿಸುವ ಸೆಟ್ಟಿಂಗ್‌ಗೆ, ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ.

ಮೈ ಚಲನೆ ಹಿಡಿಯುವ ಸೆನ್ಸರ್ ಬಗ್ಗೆಯೂ ಒಂದು ಮಾತು. 2010ರಲ್ಲಿ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂತು. ಅದು ವಿಡಿಯೊ ಆಟಕ್ಕೆ ಮಾಡಿದ ಸೆನ್ಸರ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರಿ ಕತ್ತಲಲ್ಲೂ ದೂರ ಅಳೆಯುತ್ತಿತ್ತು, ಹಾಗಾಗಿ ಕಲಾವಿದರು ಅದನ್ನು ಬಾಚಿಕೊಂಡರು. 2017ರಲ್ಲಿ ಅದನ್ನು ಮಾಡುವುದೇ ನಿಂತಿತು. ಅದನ್ನೇ ನಂಬಿದ್ದವರು ಹಳೆಯದಕ್ಕಾಗಿ ಹುಡುಕಾಡಬೇಕಾಯಿತು. ಅದಕ್ಕೇ ನಾನು ಯಾವ ಸೆನ್ಸರ್ ತಂದರೂ ಎರಡು ತರುತ್ತೇನೆ. ದುಡ್ಡು ಸಾಲದಿದ್ದರೆ ಕಂಪ್ಯೂಟರಿನಲ್ಲಿ ಉಳಿಸಿ ಎರಡನೆಯದನ್ನು ಕೊಳ್ಳುತ್ತೇನೆ.

ಈಗ ಎಲ್ಲಿ ಪ್ರದರ್ಶನ ಇಟ್ಟರೂ ಕಂಪ್ಯೂಟರ್ ಇಟ್ಟ ಪೆಟ್ಟಿಗೆಯ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸುತ್ತೇನೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: "ಸ್ವಿಚ್ ಹಾಕಿ. ಎರಡು ನಿಮಿಷ ಕಾಯಿರಿ. ಗೋಡೆಯ ಮುಂದೆ ನಿಂತು ಒಮ್ಮೆ ಕೈ ಬೀಸಿ."

ನಮಸ್ಕಾರ.