ಮೊದಲು ಬಿಸಿ, ಆಮೇಲೆ ಹಾಲು: ನಿತ್ರಾಣಗೊಂಡ ಬೆಕ್ಕಿನ ಮರಿಯ ಆರೈಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹಿಡಿಯಿತೆಂದರೆ ನಮ್ಮ ಮಲೆನಾಡಿನ ಪಶು ಆಸ್ಪತ್ರೆಗಳಿಗೆ ಹಸು, ಎಮ್ಮೆ, ನಾಯಿಗಳ ಜೊತೆಗೆ ರಟ್ಟಿನ ಪೆಟ್ಟಿಗೆಯಲ್ಲೋ ತರಕಾರಿ ಚೀಲದಲ್ಲೋ ಪುಟ್ಟ ಪುಟ್ಟ ಬೆಕ್ಕಿನ ಮರಿಗಳೂ ಬರತೊಡಗುತ್ತವೆ. ಕೊಟ್ಟಿಗೆಯ ಅಟ್ಟದಿಂದ ಕೆಳಗೆ ಬಿದ್ದದ್ದು, ಸೌದೆಮನೆಯ ಮೂಲೆಯಲ್ಲಿ ಇರಚಲಿಗೆ ನೆನೆದದ್ದು, ತಾಯಿ ವಾಹನಕ್ಕೆ ಸಿಕ್ಕಿ ಸತ್ತು ತಬ್ಬಲಿಯಾದದ್ದು, ಹೀಗೆ ಒಂದೊಂದರದೂ ಒಂದೊಂದು ಕಥೆ. ಆದರೆ ತಂದವರ ಮಾತು ಬಹುಪಾಲು ಒಂದೇ ಆಗಿರುತ್ತದೆ: "ಡಾಕ್ಟ್ರೇ, ಬೆಳಗ್ಗೆಯಿಂದ ಹಾಲು ಹಾಕ್ತಾ ಇದೀವಿ, ಕುಡೀತಾನೇ ಇಲ್ಲ, ಮೂಗಿನಲ್ಲಿ ವಾಪಸ್ ಬರ್ತಾ ಇದೆ." ಹಸಿದಿರಬಹುದೆಂಬ ಮರುಕದಿಂದಲೇ ಹಾಲು ಹಾಕಿರುತ್ತಾರೆ. ಆದರೆ ಮೈ ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅದರ ಪ್ರಾಣಕ್ಕೇ ಕುತ್ತು ಬರುತ್ತದೆ. ಮರಿ ಕೈಗೆ ಬಂದ ಮೊದಲ ಕೆಲವು ಗಂಟೆಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದು ತಿಳಿದಿದ್ದರೆ ಎಷ್ಟೋ ಮರಿಗಳನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಇಂದು ಅದನ್ನೇ ನಿಮಗೆ ವಿವರವಾಗಿ ಹೇಳುತ್ತೇನೆ.

ಮರಿಯನ್ನು ಎತ್ತಿಕೊಳ್ಳುವ ಮೊದಲು ಅದು ನಿಜವಾಗಿಯೂ ತಬ್ಬಲಿಯೇ ಎಂದು ನೋಡಬೇಕು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಆ ಮಾತಿನಲ್ಲಿ ಸತ್ಯವಿದೆ. ಒಂದೊಂದಾಗಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುವಾಗ ಕೊನೆಯ ಮರಿ ಸ್ವಲ್ಪ ಹೊತ್ತು ಒಂಟಿಯಾಗಿರುವುದು ಸಹಜ. ಮರಿ ಒಣಗಿದ ಮೈಯಲ್ಲಿ, ಹೊಟ್ಟೆ ತುಂಬಿದಂತೆ ನೆಮ್ಮದಿಯಾಗಿ ಮಲಗಿದ್ದರೆ ದೂರದಲ್ಲಿ ನಿಂತು ತಾಯಿ ಬರುತ್ತದೆಯೇ ಎಂದು ಕಾಯಿರಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆ ಎಲ್ಲ ಕಡೆಯೂ ಇದೆ, ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆದರೆ ಮರಿ ನೆನೆದು ತಣ್ಣಗಾಗಿದ್ದರೆ, ಒಂದೇ ಸಮನೆ ಅರಚುತ್ತಿದ್ದರೆ, ಅಥವಾ ಅರಚುವ ಶಕ್ತಿಯೂ ಇಲ್ಲದೆ ಸುಮ್ಮನೆ ಬಿದ್ದಿದ್ದರೆ ಕಾಯುತ್ತ ಕೂರಬಾರದು. ಸದ್ದಿಲ್ಲದ ಮರಿ ಅರಚುವ ಮರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಹುಟ್ಟಿದಾಗ ಬೆಕ್ಕಿನ ಮರಿಯ ತೂಕ ಸುಮಾರು 90ರಿಂದ 110 ಗ್ರಾಂ ಇರುತ್ತದೆ. ಅಷ್ಟು ಸಣ್ಣ ದೇಹದಲ್ಲಿ ಕೊಬ್ಬಿನ ಸಂಗ್ರಹ ಇಲ್ಲವೆನ್ನುವಷ್ಟು ಕಡಿಮೆ, ಮೊದಲ ವಾರದಲ್ಲಿ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ಸುಮಾರು ನಾಲ್ಕು ವಾರ ತುಂಬುವವರೆಗೆ ಅದು ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಮೈಶಾಖವನ್ನೇ ನೆಚ್ಚಿಕೊಂಡಿರುತ್ತದೆ. ಮೊದಲ ವಾರದಲ್ಲಿ ಆರೋಗ್ಯವಂತ ಮರಿಯ ಮೈಯ ಉಷ್ಣತೆ 35ರಿಂದ 36.7 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ತಿಂಗಳು ತುಂಬುವ ಹೊತ್ತಿಗೆ 38ರ ಆಸುಪಾಸಿಗೆ ಏರುತ್ತದೆ. ಇದು 34ಕ್ಕಿಂತ ಕೆಳಗಿಳಿದಾಗ ಹೃದಯದ ಬಡಿತ ನಿಧಾನವಾಗುತ್ತದೆ, ಕರುಳಿನ ಚಲನೆ ನಿಂತುಹೋಗುತ್ತದೆ, ಚೀಪುವ ಮತ್ತು ನುಂಗುವ ಸಾಮರ್ಥ್ಯ ಕುಂದುತ್ತದೆ. ಆಗ ಬಾಯಿಗೆ ಬಿದ್ದ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು; ಹೊಟ್ಟೆಗೆ ಹೋದ ಹಾಲು ಕೂಡ ಜೀರ್ಣವಾಗದೆ ಅಲ್ಲೇ ಹುಳಿತು ಹೊಟ್ಟೆ ಉಬ್ಬರಿಸುತ್ತದೆ. ನಿಮ್ಮ ಕಿರುಬೆರಳನ್ನು ಚೆನ್ನಾಗಿ ತೊಳೆದು ಮರಿಯ ಬಾಯೊಳಗೆ ಮೆಲ್ಲಗೆ ಇಟ್ಟು ನೋಡಿ. ಬಾಯಿಯ ಒಳಭಾಗ ಬೆಚ್ಚಗಿದ್ದು, ನಾಲಿಗೆ ಬೆರಳನ್ನು ಸುತ್ತಿ ಎಳೆದುಕೊಂಡರೆ ಮರಿ ಹಾಲಿಗೆ ಸಿದ್ಧವಾಗಿದೆ ಎಂದು ತಿಳಿಯಬಹುದು. ಬಾಯಿ ತಣ್ಣಗಿದ್ದು ನಾಲಿಗೆ ಅಲುಗಾಡದಿದ್ದರೆ ಒಂದು ಹನಿ ಹಾಲನ್ನೂ ಹಾಕಬೇಡಿ.

ಬೆಚ್ಚಗೆ ಮಾಡುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ನೆನೆದಿದ್ದರೆ ಒಣ ಟವೆಲಿನಿಂದ ಮೃದುವಾಗಿ ಒತ್ತಿ ಮೈ ಒರೆಸಿ. ಗೋಡೆ ಎತ್ತರವಿರುವ ರಟ್ಟಿನ ಪೆಟ್ಟಿಗೆಗೆ ಹಳೆಯ ಹತ್ತಿಸೀರೆಯನ್ನೋ ಪಂಚೆಯನ್ನೋ ಮಡಿಸಿ ಹಾಸಿ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಮುಚ್ಚಳ ಬಿಗಿಮಾಡಿ, ಎರಡು ಸುತ್ತು ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಬಿಸಿ ಹೆಚ್ಚೆನಿಸಿದಾಗ ಮರಿ ತೆವಳಿ ಹೋಗಲು ಇನ್ನೊಂದು ಬದಿ ತಂಪಾಗಿರಲೇಬೇಕು. ತೆವಳಲಾರದಷ್ಟು ಸೋತ ಮರಿಯಾದರೆ ನೀವೇ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ. ಬಾಟಲಿ ತಣ್ಣಗಾದ ಕೂಡಲೇ ನೀರು ಬದಲಾಯಿಸಬೇಕು, ಯಾಕೆಂದರೆ ತಣಿದ ಬಾಟಲಿ ಮರಿಯ ಮೈಯ ಶಾಖವನ್ನೇ ಹೀರಿಕೊಳ್ಳುತ್ತದೆ. ವಿದ್ಯುತ್ ಇಲ್ಲದ ರಾತ್ರಿಯಲ್ಲಿ ಮರಿಯನ್ನು ನಿಮ್ಮ ಅಂಗಿಯೊಳಗೆ ಎದೆಗೆ ತಾಗುವಂತೆ ಇಟ್ಟುಕೊಂಡು ಮೇಲೆ ಶಾಲು ಹೊದೆಯುವುದು ಒಳ್ಳೆಯ ಉಪಾಯ. ಬಚ್ಚಲ ಒಲೆಯ ಹತ್ತಿರ ಇಡಬೇಡಿ, ಹೊಗೆ ಅದರ ಉಸಿರಿಗೆ ಕೆಡುಕು. ಹೇರ್ ಡ್ರೈಯರನ್ನೋ ಹೀಟರನ್ನೋ ಹಿಡಿದು ಅವಸರದಿಂದ ಕಾಯಿಸಿದರೆ ಚರ್ಮ ಸುಡುತ್ತದೆ, ಮೇಲಾಗಿ ಹೃದಯಕ್ಕೂ ಆಘಾತವಾಗುತ್ತದೆ. ಒಂದರಿಂದ ಮೂರು ಗಂಟೆಯ ಅವಧಿಯಲ್ಲಿ ನಿಧಾನವಾಗಿ ಬಿಸಿ ಏರಬೇಕು. ಈ ಹೊತ್ತಿನಲ್ಲಿ ಸುಮ್ಮನೆ ಕಾಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಮನೆಯ ಮಕ್ಕಳು ಹಾಲಿನ ಬಟ್ಟಲು ಹಿಡಿದು ಪಕ್ಕದಲ್ಲೇ ಕುಳಿತಿರುತ್ತಾರೆ, ಅವರಿಗೆ ಕಾರಣ ತಿಳಿಸಿ ಹೇಳಬೇಕು.

ಕಾಯುವಾಗ ಮಾಡಬಹುದಾದ ಒಂದು ಕೆಲಸವಿದೆ. ಹಸಿದ ಮರಿಯ ರಕ್ತದಲ್ಲಿ ಸಕ್ಕರೆಯ ಅಂಶ ಬಹಳ ಬೇಗ ಇಳಿದುಬಿಡುತ್ತದೆ; ಕುತ್ತಿಗೆ ನಿಲ್ಲದಿರುವುದು, ಮೈ ಸೆಟೆಯುವುದು ಇದರಿಂದಲೂ ಆಗಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನು, ಅದಿಲ್ಲದಿದ್ದರೆ ಸಕ್ಕರೆಯನ್ನು, ಕಾಯಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬೆರಳ ತುದಿಯಲ್ಲಿ ತೆಗೆದುಕೊಂಡು ಒಸಡಿಗೆ ಸವರಿ. ಬಾಯಿಗೆ ಸುರಿಯಬಾರದು, ಸವರಬೇಕು ಅಷ್ಟೇ. ಕೆಲವು ನಿಮಿಷಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಎಷ್ಟೋ ಮರಿಗಳು ಕಾಲಾಡಿಸಿ, ತಲೆ ಎತ್ತಲು ಪ್ರಯತ್ನಿಸುತ್ತವೆ.

ಇನ್ನು ಹಾಲಿನ ವಿಷಯ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನ ಎರಡರಷ್ಟು ಇರುತ್ತದೆ. ಹಸುವಿನ ಹಾಲಿನಿಂದಲೇ ಮರಿ ತನಗೆ ಬೇಕಾದ ಪೋಷಣೆ ಪಡೆಯಬೇಕಾದರೆ ಬಹಳಷ್ಟು ಕುಡಿಯಬೇಕಾಗುತ್ತದೆ, ಅದರ ಜೊತೆಗೆ ಹೋಗುವ ಹೆಚ್ಚಿನ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಅರಗದೆ ಭೇದಿಯಾಗುತ್ತದೆ. ನೀರು ಬೆರೆಸಿ ತೆಳುಮಾಡಿದರೆ ಇದ್ದ ಪೋಷಣೆಯೂ ಕಡಿಮೆಯಾಗುತ್ತದೆ. ಮರಿಬೆಕ್ಕಿಗೆಂದೇ ತಯಾರಿಸಿದ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುತ್ತದೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಕಲಸಿ. ತಾಲ್ಲೂಕು ಕೇಂದ್ರದಲ್ಲಿ ಸಿಗದೆ ಪೇಟೆಯಿಂದ ತರಿಸುವುದು ತಡವಾದರೆ, ಒಂದೆರಡು ದಿನದ ಮಟ್ಟಿಗೆ ಹಾಲಿಗೆ ಮೊಟ್ಟೆಯ ಹಳದಿ ಭಾಗ ಬೆರೆಸಿ ಕೊಡುವ ಪದ್ಧತಿಯಿದೆ. ಅದರ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿಕೊಂಡೇ ಮಾಡಿ. ನೆರೆಹೊರೆಯಲ್ಲಿ ಮರಿ ಹಾಕಿದ ಇನ್ನೊಂದು ಬೆಕ್ಕಿದ್ದು ಅದು ಈ ಮರಿಯನ್ನು ಹತ್ತಿರ ಸೇರಿಸಿಕೊಂಡರೆ ಅದಕ್ಕಿಂತ ದೊಡ್ಡ ಭಾಗ್ಯ ಬೇರಿಲ್ಲ. ಮರಿಗೆ ಸೋಂಕು ಇಲ್ಲವೆಂದು ಖಚಿತವಾದ ಮೇಲಷ್ಟೇ ಆ ಪ್ರಯತ್ನ ಮಾಡಬೇಕು.

ಕುಡಿಸುವ ರೀತಿಯಲ್ಲೇ ಹೆಚ್ಚಿನ ಅನಾಹುತಗಳು ಆಗುವುದು. ನಾವು ಹಸುಗೂಸನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಲ್ಲಿ ಹಾಲು ಹಾಕುವಂತೆ ಬೆಕ್ಕಿನ ಮರಿಗೆ ಎಂದೂ ಹಾಕಬಾರದು. ಮಡಿಸಿದ ಟವೆಲಿನ ಮೇಲೆ ಮರಿಯನ್ನು ಹೊಟ್ಟೆ ಕೆಳಗಾಗಿ ಮಲಗಿಸಿ. ತಾಯಿಯ ಮೊಲೆ ಹುಡುಕುವಾಗ ಅದು ಇರುವ ಭಂಗಿಯೂ ಅದೇ. ಕತ್ತನ್ನು ಹಿಂದಕ್ಕೆ ಬಗ್ಗಿಸದೆ, ಗಲ್ಲದ ಕೆಳಗೆ ಒಂದು ಬೆರಳಿನ ಆಸರೆ ಕೊಡಿ. ಮರಿಬೆಕ್ಕಿನ ಬಾಟಲಿ ಇಲ್ಲದಿದ್ದರೆ ಸೂಜಿ ತೆಗೆದ 1 ಅಥವಾ 2 ಮಿಲಿಲೀಟರಿನ ಸಿರಿಂಜ್ ಸಾಕು. ಹಾಲು ನಿಮ್ಮ ಮಣಿಕಟ್ಟಿಗೆ ಬಿಟ್ಟುಕೊಂಡಾಗ ಹಿತವಾಗಿ ಬೆಚ್ಚಗಿರಬೇಕು. ಬಾಯಿಯ ಪಕ್ಕದಿಂದ ಸಿರಿಂಜಿನ ತುದಿ ಇಟ್ಟು ಒಂದು ಹನಿ ಬಿಡಿ, ಅದು ನುಂಗಿದ್ದು ಕಂಡ ಮೇಲೆ ಇನ್ನೊಂದು ಹನಿ. ಮೂಗಿನಲ್ಲಿ ಹಾಲು ಕಾಣಿಸಿದರೆ ತಕ್ಷಣ ನಿಲ್ಲಿಸಿ, ತಲೆಯನ್ನು ಸ್ವಲ್ಪ ತಗ್ಗಿಸಿ, ಬಟ್ಟೆಯಿಂದ ಒರೆಸಿ, ಉಸಿರು ಸರಾಗವಾಗುವವರೆಗೆ ಬಿಡಿ. 100 ಗ್ರಾಂ ತೂಕದ ಮರಿಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 4 ಮಿಲಿಲೀಟರ್ ಮಾತ್ರ. ಮೊದಲ ವಾರದಲ್ಲಿ ಎರಡು-ಮೂರು ಗಂಟೆಗೊಮ್ಮೆ, ಎರಡನೆಯ ವಾರದಿಂದ ಮೂರು-ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕೊಡಬೇಕಾಗುತ್ತದೆ. ಮನೆಯವರು ಸರದಿ ಮಾಡಿಕೊಳ್ಳದಿದ್ದರೆ ಒಬ್ಬರೇ ನಿಭಾಯಿಸುವುದು ಕಷ್ಟ.

ಮೂರು ವಾರದೊಳಗಿನ ಮರಿ ತಾನಾಗಿ ಮಲಮೂತ್ರ ಮಾಡಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಹಾಲಿನ ಆಸುಪಾಸಿನಲ್ಲಿ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸುತ್ತಿರಿ. ಮೂತ್ರ ಗಾಢ ಹಳದಿಯಾಗಿದ್ದರೆ, ಒಸಡು ಒಣಗಿ ಬೆರಳಿಗೆ ಅಂಟಿದಂತಾದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದರ್ಥ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟೆ ಹಾಸಿದ ಸ್ಟೀಲ್ ಬಟ್ಟಲಿಟ್ಟು, ಸೊನ್ನೆಗೆ ತಂದು, ಪ್ರತಿದಿನ ಒಂದೇ ಹೊತ್ತಿಗೆ ಮರಿಯ ತೂಕ ನೋಡಿ ಪುಸ್ತಕದಲ್ಲಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಸರಿಯಾದ ದಾರಿಯಲ್ಲಿದೆ. ಒಂದು ದಿನ ಏರದಿದ್ದರೆ ಎಚ್ಚರಿಕೆ, ಇಳಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಕಣ್ಣಿಗೆ ಚುರುಕಾಗಿ ಕಂಡ ಮರಿಯೂ ತೂಕ ಕಳೆದುಕೊಳ್ಳುತ್ತಿರಬಹುದು, ಅದು ತಕ್ಕಡಿಗೆ ಮೊದಲು ಗೊತ್ತಾಗುತ್ತದೆ.

ಸ್ವಲ್ಪ ದೊಡ್ಡ ಮರಿಗಳಲ್ಲಿ ಹೆಚ್ಚಾಗಿ ಕಾಣುವುದು ನೆಗಡಿ. ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ವೈರಸ್‌ಗಳಿಂದ ಬರುವ ಈ ಕಾಯಿಲೆಯಲ್ಲಿ ಕಣ್ಣುಗಳು ಪಿಸುರಿನಿಂದ ಅಂಟಿಕೊಳ್ಳುತ್ತವೆ, ಮೂಗು ಕಟ್ಟುತ್ತದೆ. ವಾಸನೆ ತಿಳಿಯದ ಬೆಕ್ಕು ಆಹಾರವನ್ನು ಮುಟ್ಟುವುದಿಲ್ಲ. ಅಂಟಿದ ರೆಪ್ಪೆಯನ್ನು ಬಲವಂತವಾಗಿ ಬಿಡಿಸದೆ, ಕಾಯಿಸಿ ಆರಿಸಿದ ಬೆಚ್ಚಗಿನ ನೀರಿನ ಹತ್ತಿಯನ್ನು ಒಂದೆರಡು ನಿಮಿಷ ಅದರ ಮೇಲಿಟ್ಟು, ಪಿಸುರು ನೆನೆದ ಮೇಲೆ ಮೂಗಿನ ಕಡೆಯಿಂದ ಹೊರಗಡೆಗೆ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಬಳಸಿ. ಬಿಸಿನೀರು ಬಿಟ್ಟು ಹಬೆ ತುಂಬಿದ ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ಮರಿಯನ್ನು ಎತ್ತಿಕೊಂಡು ಕುಳಿತರೆ ಮೂಗು ಸಡಿಲವಾಗುತ್ತದೆ. ಕಣ್ಣಿನ ಗುಡ್ಡೆ ಮಸುಕಾಗಿ ಕಂಡರೆ ತಡಮಾಡಬೇಡಿ, ದೃಷ್ಟಿಯೇ ಹೋಗಬಹುದು.

ಚಿಗಟಗಳನ್ನು ಹಗುರವಾಗಿ ಕಾಣಬೇಡಿ. ಮೈತುಂಬ ಚಿಗಟವಿದ್ದರೆ ಅವು ರಕ್ತ ಹೀರಿಯೇ ಸಣ್ಣ ಮರಿಯನ್ನು ಸಾಯಿಸಬಲ್ಲವು. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡ ಒಸಡು ಅದರ ಗುರುತು. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರದ ಎಣ್ಣೆ, ನಾಯಿಗೆ ಹಾಕುವ ಚಿಗಟದ ಔಷಧ ಇವೆಲ್ಲವೂ ಮರಿಗೆ ವಿಷ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕುವುದೇ ಸುರಕ್ಷಿತ. ಜಂತುಹುಳುವಿನ ಮರಿಹುಳುಗಳು ತಾಯಿಯ ಹಾಲಿನ ಮೂಲಕವೂ ಬರುವುದರಿಂದ, ಎರಡು-ಮೂರು ವಾರದ ವಯಸ್ಸಿನಿಂದಲೇ ತೂಕಕ್ಕೆ ತಕ್ಕ ಜಂತುನಾಶಕವನ್ನು ವೈದ್ಯರು ಕೊಡುತ್ತಾರೆ.

ಇನ್ನೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಮನಸ್ಸಿನಲ್ಲಿಡಿ. ಮರಿಯ ಮೈ ಬಿಸಿಯಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಚೂರು ಕೂಡ ಕೊಡಬೇಡಿ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತ ಆಮ್ಲಜನಕವನ್ನು ಒಯ್ಯಲಾರದಂತಾಗಿ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಳೆದ ಬೆಕ್ಕನ್ನೂ ಕೊಲ್ಲಬಲ್ಲದು. ನೆಲ ಒರೆಸಲು ಬಳಸುವ ಫಿನಾಯಿಲನ್ನೂ ಮರಿಯಿರುವ ಕೋಣೆಯಿಂದ ದೂರವಿಡಿ.

ವಾಂತಿಯ ಜೊತೆಗೆ ನೀರಾಗಿ ಅಥವಾ ರಕ್ತ ಬೆರೆತು ಭೇದಿಯಾಗುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಬೆಚ್ಚಗಾದ ಮೇಲೂ ಚೀಪದಿದ್ದರೆ ಮನೆಯ ಆರೈಕೆ ಸಾಲದು. ಬೆಕ್ಕುಗಳ ಪಾರ್ವೋ ವೈರಸ್ ರೋಗದಲ್ಲಿ ಮರಿಗಳು ಒಂದೆರಡು ದಿನದಲ್ಲೇ ಸಾಯುತ್ತವೆ, ಆ ವೈರಸ್ ಮನೆಯ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಹತ್ತಿರದ ಪಶುವೈದ್ಯರು ಯಾರೆಂದು ತಿಳಿಯದಿದ್ದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯಲ್ಲಿ ವಿಚಾರಿಸಬಹುದು. ಹೋಗುವಾಗ ದಾರಿಯುದ್ದಕ್ಕೂ ಬಿಸಿನೀರಿನ ಬಾಟಲಿ ಪೆಟ್ಟಿಗೆಯಲ್ಲಿರಲಿ, ತೂಕದ ಪುಸ್ತಕ ಕೈಯಲ್ಲಿರಲಿ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಹುಟ್ಟಿನಿಂದಲೇ ಬಂದ ದೋಷವೋ, ತಾಯಿಯ ಗಿಣ್ಣುಹಾಲು ಸಿಗದೆ ಹೋದದ್ದೋ ಕಾರಣವಾಗಿರಬಹುದು. ಆರೈಕೆ ಮಾಡಿದವರು ಅದಕ್ಕಾಗಿ ತಮ್ಮನ್ನು ತಾವು ಹಳಿದುಕೊಳ್ಳಬಾರದು.

ಮನೆಯವರ ಆರೋಗ್ಯವನ್ನೂ ಮರೆಯಬಾರದು. ಮರಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಸುರಿಯರು ಬೆಕ್ಕಿನ ಮಲವನ್ನು ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ. ಮರಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

ನಾಲ್ಕು ವಾರ ದಾಟಿ ಹಲ್ಲು ಬಂದ ಮರಿಗೆ ಮರಿಗಳ ಆಹಾರವನ್ನು ಹಾಲಿನಲ್ಲಿ ನೆನೆಸಿಯೋ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮೀನನ್ನು ಕಿವುಚಿಯೋ ತಟ್ಟೆಯಲ್ಲಿ ಇಡಲು ಶುರುಮಾಡಬಹುದು. ಆರರಿಂದ ಎಂಟು ವಾರದ ನಡುವೆ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮರಿ ಚೇತರಿಸಿಕೊಂಡು ಮನೆತುಂಬ ಓಡಾಡತೊಡಗಿದ ಮೇಲೆ ಈ ದಿನಾಂಕಗಳು ಮರೆತುಹೋಗುವುದೇ ಹೆಚ್ಚು, ಆದ್ದರಿಂದ ಮೊದಲ ಲಸಿಕೆಯ ದಿನವೇ ಮುಂದಿನ ಎಲ್ಲ ದಿನಾಂಕಗಳನ್ನೂ ವೈದ್ಯರಿಂದ ಬರೆಸಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ನಮಸ್ಕಾರ.